ಸಹಾಯ ಬೇಕು: ಅಮ್ಮನಿಗೆ ಕನ್ನಡದಲ್ಲಿ ಆನ್‌ಲೈನ್ ವ್ಯಾಯಾಮ ಕ್ಲಾಸ್

ನಮಸ್ಕಾರ. ನಾವು ಮುಂಬೈ ಹತ್ತಿರದ ಡೊಂಬಿವಲಿಯಲ್ಲಿದ್ದೇವೆ. ಅಮ್ಮನಿಗೆ 72, ಊರು ಧಾರವಾಡ, ಹಿಂದಿ ಅಷ್ಟಕ್ಕಷ್ಟೇ. ಮಳೆ ಶುರುವಾದ ಮೇಲೆ ವಾಕಿಂಗ್ ನಿಂತೇಹೋಗಿದೆ.

ಮೊದಲು ಹೆಜ್ಜೆ ಎಣಿಸುವ ಆ್ಯಪ್ ಹಾಕಿಕೊಟ್ಟೆ. ಫೋನನ್ನು ಫ್ರಿಜ್ ಮೇಲಿಟ್ಟು ಮನೆಯೆಲ್ಲ ಓಡಾಡುತ್ತಾರೆ, ಸಂಜೆ ನೋಡಿದರೆ 112 ಹೆಜ್ಜೆ! 65 ದಾಟಿದವರಿಗೆ ವಾರಕ್ಕೆ 3 ದಿನವಾದರೂ ಬ್ಯಾಲೆನ್ಸ್ ವ್ಯಾಯಾಮ ಬೇಕು ಅಂತ ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ ಅಲ್ವಾ, ಅದಕ್ಕೇ ಯೂಟ್ಯೂಬ್ ಹಚ್ಚಿಕೊಟ್ಟೆ. ಅಮ್ಮ ಎಡಗಾಲು ಎತ್ತುವಷ್ಟರಲ್ಲಿ ವಿಡಿಯೊದವರು ಬಲಗಾಲಿಗೆ ಹೋಗಿರುತ್ತಾರೆ. ಮೊನ್ನೆ ಒಂಟಿ ಕಾಲಲ್ಲಿ ನಿಂತು ವಾಲಿದರು, ಪುಣ್ಯಕ್ಕೆ ಕುರ್ಚಿ ಕೈಗೆ ಸಿಕ್ಕಿತು. ತಪ್ಪು ಮಾಡಿದರೆ ವಿಡಿಯೊ ಏನು ಹೇಳುತ್ತದೆ? ನಾನು ಲೋಕಲ್ ಟ್ರೈನ್ ಹಿಡಿದ ಮೇಲೆ ಅಮ್ಮ ಒಬ್ಬರೇ.

ಕ್ಯಾಮೆರಾದಲ್ಲಿ ನೋಡಿ, ಕನ್ನಡದಲ್ಲೇ ತಿದ್ದಿ ಮಾಡಿಸುವ ಹಿರಿಯರ ಕ್ಲಾಸ್‌ಗೆ ನಿಮ್ಮ ಮನೆಯವರು ಯಾರಾದರೂ ಸೇರಿದ್ದಾರಾ? ಫೀಸು ಎಷ್ಟು?