‘ಕರಗು’ ಎಂದರೆ ಸಾಕೇ? ತಾಮ್ರದ ಆಕ್ಸೈಡ್ ಅತಿವಾಹಕಗಳ ಕುರಿತು ಒಂದು ಪದಪ್ರಶ್ನೆ

ಮಾನ್ಯರೇ,

ಯಟ್ರಿಯಂ, ಬೇರಿಯಂ ಮತ್ತು ತಾಮ್ರಗಳು 1:2:3ರ ಪ್ರಮಾಣದಲ್ಲಿ ಆಮ್ಲಜನಕದೊಡನೆ ಕೂಡಿದ ಸಿರಾಮಿಕ್ ಅತಿವಾಹಕವನ್ನು ಕುರಿತು ಲೇಖನವೊಂದನ್ನು ಬರೆಯುತ್ತಿದ್ದೇನೆ. ಸುಮಾರು 92 ಕೆಲ್ವಿನ್‌ನಲ್ಲಿಯೇ, ಅಂದರೆ ದ್ರವ ಸಾರಜನಕ ಕುದಿಯುವ 77 ಕೆಲ್ವಿನ್‌ಗಿಂತ ಮೇಲೆಯೇ, ವಿದ್ಯುತ್ ರೋಧವನ್ನು ಕಳೆದುಕೊಳ್ಳುವ ಈ ಕಪ್ಪು ವಸ್ತು 1987ರಲ್ಲಿ ಬೆಳಕಿಗೆ ಬಂದಿತು. ಅದೇ ವರ್ಷ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಸಿ.ಎನ್.ಆರ್. ರಾವ್ ಅವರ ತಂಡವೂ ಇದರ ಮೇಲೆ ಕೆಲಸ ಮಾಡಿತು. ಬರೆಯುತ್ತ ಹೋದಾಗ ನನ್ನನ್ನು ತಡೆದು ನಿಲ್ಲಿಸಿದ್ದು ‘ಕರಗು’ ಎಂಬ ನಮ್ಮ ಸರಳ ಕ್ರಿಯಾಪದ.

ಬಿಸಿಗೆ ಮೇಣ ಕರಗುತ್ತದೆ, ನೀರಿನಲ್ಲಿ ಸಕ್ಕರೆಯೂ ಕರಗುತ್ತದೆ. ಈ ಎರಡನ್ನು ಬೇರ್ಪಡಿಸಲು ‘ದ್ರವನ’, ‘ವಿಲೀನ’ ಎಂಬ ಪದಗಳು ಬಳಕೆಯಲ್ಲಿವೆ. ಆದರೆ ನನ್ನ ಮುಂದಿರುವುದು ಇವೆರಡಕ್ಕೂ ಸೇರದ ಮೂರನೆಯ ಸಂಗತಿ. ಈ ಅತಿವಾಹಕದ ಬಿಲ್ಲೆಯನ್ನು ಗಾಳಿಯಲ್ಲಿ ಕಾಯಿಸಿದರೆ, ಸುಮಾರು 1010 ಡಿಗ್ರಿ ಸೆಲ್ಸಿಯಸ್ ದಾಟಿದಾಗ ಅದು ಇಡಿಯಾಗಿ ನೀರಾಗುವುದಿಲ್ಲ. 2:1:1 ಪ್ರಮಾಣದ ಬೇರೊಂದು ಘನವಸ್ತುವಾಗಿಯೂ, ಬೇರಿಯಂ ಮತ್ತು ತಾಮ್ರದ ಆಕ್ಸೈಡ್‌ಗಳು ಹೆಚ್ಚಾಗಿರುವ ದ್ರವವಾಗಿಯೂ ಒಡೆಯುತ್ತದೆ. ಕುಲುಮೆಯ ಕಾವು ಮಿತಿಮೀರಿದ ಒಂದು ಬಿಲ್ಲೆಯನ್ನು ನಾನು ಕೈಯಲ್ಲಿ ಹಿಡಿದು ನೋಡಿದ್ದೇನೆ: ಕಪ್ಪಾಗಿರಬೇಕಾದ ಮೈಯಲ್ಲಿ ಹಸಿರು ಕಲೆಗಳು, ಅಂಚಿನಲ್ಲಿ ದ್ರವ ಒಸರಿ ಮೂಸೆಗೆ ಕಚ್ಚಿಕೊಂಡ ಗುರುತು. ಆ ಹಸಿರೇ 2:1:1. ನಿಧಾನವಾಗಿ ತಣಿಸಿದರೆ ಆ ಘನವೂ ದ್ರವವೂ ಕೂಡಿ ಮತ್ತೆ 1:2:3 ಹುಟ್ಟುತ್ತದೆ. ಆದರೂ ಹಸಿರು ಕಣಗಳು ಒಂದಷ್ಟು ಒಳಗೇ ಸಿಕ್ಕಿಕೊಂಡು ಉಳಿಯುತ್ತವೆ. ಆದ್ದರಿಂದ ‘ಕರಗಿಸಿ ಹೆಪ್ಪುಗಟ್ಟಿಸಿದರು’ ಎಂದು ಬರೆದರೆ ಓದುಗರು ಮೇಣವನ್ನೇ ನೆನೆಯುತ್ತಾರೆ, ನಡೆದದ್ದು ಅವರಿಗೆ ಕಾಣುವುದೇ ಇಲ್ಲ.

ಇಂಗ್ಲಿಷಿನಲ್ಲಿ ಇದಕ್ಕಿರುವ ‘ಇನ್‌ಕಾಂಗ್ರುಯೆಂಟ್ ಮೆಲ್ಟಿಂಗ್’ ಎಂಬ ಹೆಸರನ್ನು ಅನುಸರಿಸಿ ‘ಅಸಂಗತ ದ್ರವನ’ ಎನ್ನಬಹುದೆಂದು ಒಮ್ಮೆ ಯೋಚಿಸಿದೆ. ಆದರೆ ಅಸಂಗತ ನಾಟಕಗಳನ್ನು ಬಲ್ಲ ಕನ್ನಡಿಗರಿಗೆ ಆ ವಿಶೇಷಣ ಅರ್ಥಹೀನತೆಯನ್ನು ಸೂಚಿಸುತ್ತದೆ. ಇಲ್ಲಿಯೋ ಎಲ್ಲವೂ ನಿಯಮದಂತೆಯೇ ನಡೆಯುತ್ತದೆ. ‘ವಿಘಟನೆ’ ಎಂದರೆ ದ್ರವದ ಸುಳಿವೇ ಇರುವುದಿಲ್ಲ. ಹಾಲು ಒಡೆಯಿತು ಎನ್ನುವಾಗ ಗಟ್ಟಿಯೂ ನೀರೂ ಬೇರೆಯಾದದ್ದು ಒಂದೇ ಮಾತಿನಲ್ಲಿ ತಿಳಿಯುತ್ತದೆ. ಆ ಬಳಕೆಯನ್ನು ನೆಚ್ಚಿ, ಮಳೆ ಮತ್ತು ಕಾಲ ಸೇರಿ ಮಳೆಗಾಲವಾಗುವಂತೆ, ‘ಒಡೆಗರಗು’ ಎಂಬ ಪದವನ್ನು ಕಟ್ಟಿಕೊಂಡಿದ್ದೇನೆ. ‘ಈ ಆಕ್ಸೈಡ್ ಒಡೆಗರಗುತ್ತದೆ’ ಎಂಬ ವಾಕ್ಯ ನನ್ನ ಕಿವಿಗೆ ಹಿತವಾಗಿದೆ. ‘ಒಡೆಗರಗುವಿಕೆಯ ತಾಪ’ ಎಂಬಲ್ಲಿ ಮಾತ್ರ ತುಸು ಭಾರವೆನಿಸುತ್ತದೆ.

ಇನ್ನೊಂದು ಚಿಕ್ಕ ಸಂದೇಹವಿದೆ. ರಚನೆಯಲ್ಲೂ ಸಂಯೋಜನೆಯಲ್ಲೂ ತನ್ನದೇ ಗುರುತುಳ್ಳ ವಸ್ತುರೂಪವನ್ನು ಇಂಗ್ಲಿಷಿನಲ್ಲಿ ‘ಫೇಸ್’ ಎನ್ನುತ್ತಾರೆ. ಆ ಅರ್ಥದಲ್ಲಿ 1:2:3 ಮತ್ತು 2:1:1ನ್ನು ಎರಡು ‘ಹಂತ’ಗಳೆಂದು ಬರೆಯುವುದನ್ನು ನಾನು ಒಪ್ಪಲಾರೆ, ಏಕೆಂದರೆ ಹಂತವೆಂದರೆ ಒಂದಾದ ಮೇಲೆ ಒಂದು ಬರುವಂಥದು, ಇವಾದರೋ ಒಂದೇ ಬಿಲ್ಲೆಯಲ್ಲಿ ಒಟ್ಟಿಗೆ ಇರಬಲ್ಲವು. ಅದಕ್ಕೆ ‘ಪ್ರಾವಸ್ಥೆ’ ಎಂಬ ಪದವನ್ನೇ ಉಳಿಸಿಕೊಂಡು ‘ಪ್ರಾವಸ್ಥಾ ಸ್ಥಿರತೆ’ ಎಂದು ಬರೆದಿದ್ದೇನೆ.

‘ಒಡೆಗರಗು’ ಸಲ್ಲುತ್ತದೆಯೇ? ಕಂಚುಗಾರರ, ಅಕ್ಕಸಾಲಿಗರ ಅಥವಾ ಬೆಣ್ಣೆ ಕಾಯಿಸುವವರ ಮಾತಿನಲ್ಲಿ, ಒಂದು ಪಾಲು ಗಟ್ಟಿಯಾಗಿಯೇ ಉಳಿದು ಇನ್ನೊಂದು ಪಾಲು ನೀರಾಗುವುದಕ್ಕೆ ಮೊದಲೇ ಒಂದು ಪದವಿದ್ದರೆ, ಅದನ್ನು ಯಾವ ಸೀಮೆಯಲ್ಲಿ ಕೇಳಿದಿರೆಂಬುದರೊಡನೆ ದಯವಿಟ್ಟು ತಿಳಿಸಿ. ಅಂಥ ಪದ ದೊರೆತರೆ ನನ್ನದನ್ನು ಸಂತೋಷದಿಂದ ಕೈಬಿಡುತ್ತೇನೆ.