ಅತ್ತೆಗೆ ಡಿಮೆನ್ಷಿಯಾ: ನಿಮ್ಮ ಮನೆಯಲ್ಲಿ ಹೇಗೆ ನಿಭಾಯಿಸಿದಿರಿ?

ತುಮಕೂರಿನಿಂದ ಒಬ್ಬ ಸೊಸೆಯ ಪ್ರಶ್ನೆ

ನಮ್ಮ ಅತ್ತೆಗೆ 76 ವರ್ಷ. ಡಿಮೆನ್ಷಿಯಾ ಎಂಬ ಮರೆವಿನ ಕಾಯಿಲೆಯ ಒಂದು ಬಗೆಯಾದ ಅಲ್ಝೈಮರ್ ಶುರುವಾಗಿದೆ ಎಂದು ನರರೋಗದ ಡಾಕ್ಟರು ಹೇಳಿದ್ದಾರೆ. ಬಳೆ ಸಿಗದಿದ್ದರೆ ನಾನೇ ಕದ್ದೆ ಎನ್ನುತ್ತಾರೆ. ಪಕ್ಕದ ಮನೆಯವರಿಗೂ ಹಾಗೇ ಹೇಳುತ್ತಾರೆ. ಸಂಜೆಯಾದರೆ "ಮನೆಗೆ ಹೋಗ್ಬೇಕು" ಎಂದು ಗೇಟಿನ ಹತ್ತಿರ ನಿಲ್ಲುತ್ತಾರೆ. ಸ್ನಾನ ಅಂದರೆ ಜಗಳ. ನಮ್ಮ ಯಜಮಾನರು ಅಂಗಡಿಯಿಂದ ಬರುವುದು ರಾತ್ರಿ. ನಾದಿನಿ ಬೆಂಗಳೂರಿನಲ್ಲಿದ್ದಾರೆ. "ಫೋನಲ್ಲಿ ಅಮ್ಮ ಚೆನ್ನಾಗೇ ಮಾತಾಡ್ತಾರಲ್ಲ, ನೀವೇ ದೊಡ್ಡದು ಮಾಡ್ತಿದ್ದೀರಿ" ಎನ್ನುತ್ತಾರೆ. ನಿಮ್ಮ ಮನೆಗಳಲ್ಲಿ ಹೇಗೆ ಮಾಡಿದಿರಿ, ದಯವಿಟ್ಟು ಹೇಳಿ.

ಶಿವಮೊಗ್ಗದಿಂದ

ತಂಗಿ, ಮೊದಲು ಕಳ್ಳತನದ ಮಾತು. ಇದು ನಿಮ್ಮ ಮೇಲಿನ ದ್ವೇಷ ಅಲ್ಲ. ನಮ್ಮ ಅಮ್ಮ ಹೆತ್ತ ಮಗಳಾದ ನನಗೇ ಹೀಗೆ ಹೇಳುತ್ತಿದ್ದರು. ವಸ್ತು ಎಲ್ಲಿಟ್ಟೆ ಎಂಬುದು ಅವರ ತಲೆಯಲ್ಲಿ ಉಳಿದೇ ಇರುವುದಿಲ್ಲ. ಇಟ್ಟ ನೆನಪೇ ಇಲ್ಲ, ವಸ್ತುವೂ ಇಲ್ಲ ಅಂದಮೇಲೆ ಯಾರೋ ತೆಗೆದಿದ್ದಾರೆ ಎಂದೇ ಅವರಿಗೆ ಅನಿಸುತ್ತದೆ. ಆ ಹೊತ್ತಿಗೆ ಹತ್ತಿರ ಇರುವವರು ಯಾರು? ದಿನಾ ಅನ್ನ ಹಾಕುವವರೇ. ಹಾಗಾಗಿ ಹೆಸರು ಬೀಳುವುದೂ ಅವರ ಮೇಲೇ.

"ನಾನು ತೆಗೆದಿಲ್ಲ" ಎಂದು ವಾದಿಸಿ ಗೆಲ್ಲಲು ಆಗುವುದಿಲ್ಲ. "ಅಯ್ಯೋ ಹೌದಾ, ಬನ್ನಿ ಅತ್ತೆ, ಹುಡುಕೋಣ" ಎಂದು ಜೊತೆಗೆ ಹೋಗಿ. ಅವರು ಬಚ್ಚಿಡುವ ಜಾಗಗಳು ಸಾಮಾನ್ಯವಾಗಿ ಅವೇ ಇರುತ್ತವೆ. ನಮ್ಮ ಮನೆಯಲ್ಲಿ ಅಕ್ಕಿ ಡಬ್ಬ, ದಿಂಬಿನ ಕವರಿನ ಒಳಗೆ, ರೇಷ್ಮೆ ಸೀರೆಯ ಮಡಿಕೆ. ಸಿಕ್ಕಾಗ "ನೋಡಿ, ನೀವೇ ಇಟ್ಟಿದ್ದು" ಎನ್ನಬೇಡಿ. "ಸದ್ಯ, ಸಿಕ್ತಲ್ಲ" ಎಂದು ಮುಗಿಸಿ. ಹುಡುಕುವುದರ ನಡುವೆಯೇ ಅವರು ಬೇರೆ ಮಾತಿಗೆ ಹೋಗಿಬಿಡುವುದೂ ಉಂಟು.

ನಿಜವಾದ ಚಿನ್ನವನ್ನು ಮಾತ್ರ ಮನೆಯಲ್ಲಿ ಇಡಬೇಡಿ. ನಾವು ಅಣ್ಣ, ಅತ್ತಿಗೆ, ಅಕ್ಕ ಎಲ್ಲರೂ ಕೂತು ಒಡವೆಗಳ ಫೋಟೋ ತೆಗೆದು, ಪಟ್ಟಿ ಬರೆದು, ಎಲ್ಲರ ಫೋನಿಗೂ ಕಳಿಸಿ, ಆಮೇಲೆ ಲಾಕರಿಗೆ ಹಾಕಿದೆವು. ಅಮ್ಮನ ಕೈಗೆ ಅದೇ ಮಾದರಿಯ ಒನ್ ಗ್ರಾಂ ಗೋಲ್ಡ್ ಬಳೆ. ನೀವು ಸೊಸೆ, ಆದ್ದರಿಂದ ಈ ಕೆಲಸ ನಾದಿನಿಯ ಎದುರಿಗೇ ಆಗಲಿ. ಮುಂದೆ ಒಂದು ಮಾತು ಬರುವುದಕ್ಕೆ ಜಾಗ ಇರಬಾರದು.

"ಮನೆಗೆ ಹೋಗ್ಬೇಕು" ಎನ್ನುವುದಕ್ಕೆ "ಇದೇ ನಿಮ್ಮ ಮನೆ" ಎಂದರೆ ಸಿಟ್ಟು ಜಾಸ್ತಿಯಾಗುತ್ತದೆ. ಅವರ ಮನಸ್ಸಿನಲ್ಲಿ ಇರುವುದು ತವರು ಇರಬಹುದು. ಸುಮ್ನೆ ಭಯವಾಗುತ್ತಿದೆ, ಯಾರಾದರೂ ಬೇಕು ಎಂದೂ ಇರಬಹುದು. ನಾನು ಕೇಳುತ್ತಿದ್ದೆ: "ಮನೇಲಿ ಯಾರ್ಯಾರು ಇದ್ದಾರೆ ಅಮ್ಮ? ಹಿತ್ತಲಲ್ಲಿ ಏನೇನು ಗಿಡ ಇತ್ತು?" ಮಾತು ಬೆಳೆಯುತ್ತಿತ್ತು. ಕಾಫಿ ಕುಡಿದು ಹೋಗೋಣ ಎಂದರೆ ಒಪ್ಪುತ್ತಿದ್ದರು. ಒಮ್ಮೊಮ್ಮೆ ಚಪ್ಪಲಿ ಹಾಕಿಸಿ ಬೀದಿ ಸುತ್ತಿ ವಾಪಸ್ ಬಂದರೆ "ಬಂತು ಮನೆ" ಎನ್ನುತ್ತಿದ್ದರು. ಈ ಕಾಯಿಲೆಯಲ್ಲಿ ಸಂಜೆ ಹೊತ್ತಿಗೆ ಗಲಿಬಿಲಿ ಜಾಸ್ತಿ. ಕತ್ತಲಾಗುವ ಮೊದಲೇ ದೀಪ ಹಾಕಿ, ನೆರಳು ಬೀಳದ ಹಾಗೆ ಪರದೆ ಎಳೆಯಿರಿ. ಟಿವಿಯಲ್ಲಿ ನ್ಯೂಸಿನ ಕೂಗಾಟ ಬೇಡ. ಹಗಲು ಹೊತ್ತು ತುಂಬಾ ಮಲಗಲು ಬಿಡಬೇಡಿ.

ಆ ಹೊತ್ತಿಗೆ ಕೈಗೆ ಒಂದು ಕೆಲಸ ಕೊಡಿ. ಹೂ ಕಟ್ಟುವುದು, ಸೊಪ್ಪು ಬಿಡಿಸುವುದು, ಕಾಲ ಇದ್ದರೆ ಅವರೆಕಾಯಿ ಸುಲಿಯುವುದು. ಹೆಸರುಗಳು ಮರೆತರೂ ಕೈಗೆ ಕೆಲಸ ಮರೆತಿರುವುದಿಲ್ಲ. ನಮ್ಮ ಅಮ್ಮನಿಗೆ ಮೊಮ್ಮಕ್ಕಳ ಹೆಸರು ಬರುತ್ತಿರಲಿಲ್ಲ, ಹಸೆ ಹಾಡು ಮಾತ್ರ ಪೂರ್ತಿ ಬರುತ್ತಿತ್ತು. ಸೊಪ್ಪು ಸರಿಯಾಗಿ ಬಿಡಿಸದಿದ್ದರೆ ಬಿಡಿ, ಆಮೇಲೆ ನೀವು ನೋಡಿಕೊಳ್ಳಿ.

ಗೇಟಿಗೆ ಚಿಲಕವನ್ನು ಅವರ ಕಣ್ಣು ಹೋಗದ ಎತ್ತರಕ್ಕೆ ಹಾಕಿಸಿ. ಒಬ್ಬರೇ ಇರುವಾಗ ಹೊರಗಿನಿಂದ ಬೀಗ ಹಾಕಿ ಹೋಗಬೇಡಿ. ಬೆಂಕಿ, ಬೀಳುವುದು, ಏನಾದರೂ ಆಗಬಹುದು. ರವಿಕೆಯ ಒಳಬದಿಗೆ ಫೋನ್ ನಂಬರ್ ಹೊಲಿದ ಬಟ್ಟೆ ಇರಲಿ, ಈಗ ತೆಗೆದ ಫೋಟೋ ನಿಮ್ಮ ಫೋನಲ್ಲಿರಲಿ. ಪಕ್ಕದ ಮನೆ, ಮೂಲೆಯ ಅಂಗಡಿ, ಆಟೋ ಸ್ಟ್ಯಾಂಡ್, ಎಲ್ಲರಿಗೂ ಕಾಯಿಲೆಯ ವಿಷಯ ಬಾಯಿಬಿಟ್ಟು ಹೇಳಿ. ಮುಚ್ಚಿಡುವಂಥದ್ದು ಇದರಲ್ಲಿ ಏನೂ ಇಲ್ಲ. 2023ರಲ್ಲಿ ಬಂದ ಒಂದು ಅಧ್ಯಯನದ ಅಂದಾಜಿನ ಪ್ರಕಾರ ನಮ್ಮ ದೇಶದಲ್ಲಿ 60 ದಾಟಿದವರಲ್ಲಿ ಶೇ. 7.4 ಜನಕ್ಕೆ, ಅಂದರೆ ಸುಮಾರು 88 ಲಕ್ಷ ಜನಕ್ಕೆ ಡಿಮೆನ್ಷಿಯಾ ಇದೆ. ಹೇಳಿಬಿಟ್ಟರೆ ಪಕ್ಕದ ಮನೆಯವರು ಬಳೆಯ ಕಥೆಯನ್ನೂ ನಂಬುವುದಿಲ್ಲ.

ಸ್ನಾನಕ್ಕೆ "ಹೋಗ್ತೀರಾ?" ಎಂದು ಕೇಳಬೇಡಿ. ಕೇಳಿದರೆ ಬೇಡ ಎಂದೇ ಬರುತ್ತದೆ. "ಶುಕ್ರವಾರ ಅಲ್ವಾ, ನೀರು ಕಾದಿದೆ, ಎಣ್ಣೆ ಹಚ್ತೀನಿ ಬನ್ನಿ" ಎನ್ನಿ. ಕೂರಲು ಗಟ್ಟಿ ಸ್ಟೂಲು, ಹೆಗಲ ಮೇಲೆ ಟವೆಲ್. ನೀರು ಕಾಲಿನಿಂದ ಶುರುವಾಗಲಿ, ತಲೆಗೆ ಒಮ್ಮೆಲೇ ಸುರಿದರೆ ಹೆದರುತ್ತಾರೆ. ಒಪ್ಪದ ದಿನ ಒದ್ದೆ ಬಟ್ಟೆಯಲ್ಲಿ ಒರೆಸಿದರೂ ಸಾಕು.

ಹುಬ್ಬಳ್ಳಿಯಿಂದ

ಅಕ್ಕಾರು ಮನೆಯ ವಿಷಯ ಎಲ್ಲ ಹೇಳಿದ್ದಾರೆ, ನಾನು ಆಸ್ಪತ್ರೆಯದ್ದು ಹೇಳುತ್ತೇನೆ. ನಮ್ಮ ಅಪ್ಪಾಜಿಗೆ ಈ ಕಾಯಿಲೆ.

ವಿಟಮಿನ್ ಬಿ12, ಥೈರಾಯ್ಡ್, ಸೋಡಿಯಂ, ಶುಗರ್, ತಲೆಯ ಸ್ಕ್ಯಾನ್, ಇವಿಷ್ಟೂ ಆಗಿದೆಯೇ ಎಂದು ಫೈಲ್ ತೆಗೆದು ನೋಡಿ. ಬಿ12 ಕಡಿಮೆಯಿದ್ದರೂ ಥೈರಾಯ್ಡ್ ಕೆಟ್ಟಿದ್ದರೂ ಮರೆವು ಬರುತ್ತದೆ. ಇವಕ್ಕೆ ಔಷಧಿ ಇದೆ. ಮಾಂಸ ಮೀನು ತಿನ್ನದವರಲ್ಲಿ, ವರ್ಷಗಟ್ಟಲೆ ಮೆಟ್‌ಫಾರ್ಮಿನ್ ತೆಗೆದುಕೊಳ್ಳುವ ಸಕ್ಕರೆ ಕಾಯಿಲೆಯವರಲ್ಲಿ ಬಿ12 ಕಡಿಮೆಯಾಗುವುದು ಸಾಮಾನ್ಯ. ವಯಸ್ಸಾದವರು ಬಿದ್ದು ತಲೆಗೆ ಸಣ್ಣ ಪೆಟ್ಟಾದರೂ ವಾರಗಳ ಮೇಲೆ ಒಳಗೆ ರಕ್ತ ನಿಂತು ಮಂಕಾಗಬಹುದು. ಸ್ಕ್ಯಾನ್ ಬೇಕಾಗುವುದು ಇಂಥವುಗಳನ್ನು ಹಿಡಿಯುವುದಕ್ಕೂ ಹೌದು. ಕಣ್ಣಿನ ಪೊರೆ, ಕಿವಿ ಎರಡನ್ನೂ ತೋರಿಸಿ. ಕೇಳಿಸದೇ ಇರುವುದನ್ನು ಮರೆವು ಎಂದುಕೊಳ್ಳುವುದು ಬಹಳ.

ಈ ಕಾಯಿಲೆ ನಿಧಾನವಾಗಿ ಜಾಸ್ತಿಯಾಗುತ್ತದೆ. ಒಂದೆರಡು ದಿನದಲ್ಲಿ ಥಟ್ಟನೆ ಹದಗೆಟ್ಟರೆ "ಕಾಯಿಲೆ ಮುಂದಕ್ಕೆ ಹೋಯ್ತು" ಎಂದು ಕೂರಬೇಡಿ. ಅಪ್ಪಾಜಿ ಒಮ್ಮೆ ಇದ್ದಕ್ಕಿದ್ದ ಹಾಗೆ ಯಾರನ್ನೂ ಗುರುತಿಸದೆ ಕೂಗಾಡತೊಡಗಿದರು. ಮೂತ್ರದ ಸೋಂಕು ಇತ್ತು. ಔಷಧಿ ಬಿದ್ದ ಮೇಲೆ ಬಹುಮಟ್ಟಿಗೆ ಮೊದಲಿನಂತಾದರು. ಮಲಬದ್ಧತೆ, ನೀರು ಕಡಿಮೆಯಾಗುವುದು, ಎಲ್ಲೋ ನೋವು, ಇವೂ ಹಾಗೆ ಮಾಡುತ್ತವೆ. ಅವರಿಗೆ ನೋವು ಎಂದು ಹೇಳಲು ಬಾರದೇ ಸಿಟ್ಟಾಗಿ ಹೊರಬರುತ್ತದೆ.

ಮೆಡಿಕಲ್ ಶಾಪಿನಿಂದ ನೆಗಡಿ ಮಾತ್ರೆ, ಅಲರ್ಜಿ ಮಾತ್ರೆ, ನಿದ್ದೆ ಮಾತ್ರೆ ನೀವಾಗಿಯೇ ತಂದು ಕೊಡಬೇಡಿ. ಇವುಗಳಲ್ಲಿ ಹಲವು ಗಲಿಬಿಲಿಯನ್ನು ಜಾಸ್ತಿ ಮಾಡುತ್ತವೆ. ಮರೆವಿಗೆಂದು ಡೊನೆಪೆಜಿಲ್, ಮೆಮಾಂಟಿನ್ ಮಾತ್ರೆ ಬರೆದುಕೊಟ್ಟಿದ್ದರೆ ಅವು ಕಾಯಿಲೆ ವಾಸಿ ಮಾಡುವುದಿಲ್ಲ, ಕೆಲವರಿಗೆ ಸ್ವಲ್ಪ ಕಾಲ ಅನುಕೂಲ ಆಗುತ್ತದೆ. ಡೊನೆಪೆಜಿಲ್ ಶುರು ಮಾಡಿದ ಮೇಲೆ ಊಟ ಸೇರದಿದ್ದರೆ, ಭೇದಿಯಾದರೆ, ತಲೆ ಸುತ್ತಿದರೆ ಡಾಕ್ಟರಿಗೆ ತಿಳಿಸಿ. ನಾಡಿ ನಿಧಾನ ಆಗುವುದೂ ಉಂಟು. ಗಲಾಟೆ ತಡೆಯಲು ಕೊಡುವ ಮಂಪರಿನ ಮಾತ್ರೆಗಳ ಬಗ್ಗೆ ಎಷ್ಟು ದಿನ, ಯಾವಾಗ ನಿಲ್ಲಿಸುವುದು ಎಂದು ಕೇಳಿಯೇ ತನ್ನಿ. ಅವುಗಳಲ್ಲಿ ಕೆಲವಕ್ಕೆ ಡಿಮೆನ್ಷಿಯಾ ಇರುವ ವೃದ್ಧರಲ್ಲಿ ಪಾರ್ಶ್ವವಾಯುವಿನ ಮತ್ತು ಸಾವಿನ ಅಪಾಯ ಜಾಸ್ತಿ. ಅನಿವಾರ್ಯವಾದಾಗ ಕೊಡುತ್ತಾರೆ, ನಮ್ಮಲ್ಲೂ ಕೊಟ್ಟರು. ಆದರೆ ವರ್ಷಗಟ್ಟಲೆ ಅದೇ ಚೀಟಿ ತೋರಿಸಿ ತರುವಂಥದ್ದಲ್ಲ.

ನ್ಯೂಜೆರ್ಸಿಯಿಂದ

ನಾನು ನಿಮ್ಮ ನಾದಿನಿಯ ಜಾಗದಲ್ಲಿ ಇರುವವಳು. ದೂರದಲ್ಲಿರುವ ಮಗಳು. ಅಮ್ಮ ಮೈಸೂರಿನಲ್ಲಿ ಅಣ್ಣ-ಅತ್ತಿಗೆಯ ಜೊತೆ ಇದ್ದಾರೆ.

ಫೋನಿನಲ್ಲಿ ಅವರು ಚೆನ್ನಾಗಿರುವುದು ಸುಳ್ಳಲ್ಲ. "ಊಟ ಆಯ್ತಾ, ಮಕ್ಕಳು ಹೇಗಿದ್ದಾರೆ, ಚಳಿ ಇದೆಯಾ", ಇಷ್ಟು ಮಾತು ಜೀವನವಿಡೀ ಆಡಿದ್ದು, ಬೇಗ ಹೋಗುವುದಿಲ್ಲ. ಬೆಳಿಗ್ಗೆ ಏನು ತಿಂಡಿ ತಿಂದಿರಿ ಎಂದು ಕೇಳಿದರೆ ಮಾತು ತೇಲಿಸಿಬಿಡುತ್ತಾರೆ. ಬಂಧುಗಳ ಎದುರು, ಡಾಕ್ಟರ ಎದುರು ಕೂಡ ಸ್ವಲ್ಪ ಹೊತ್ತು ಹೀಗೆ ನಿಭಾಯಿಸುತ್ತಾರೆ. ಆದ್ದರಿಂದ ವಾದ ಮಾಡಬೇಡಿ, ನಾದಿನಿಯನ್ನು ಕರೆಸಿ. ಹಬ್ಬಕ್ಕಲ್ಲ. ನೀವು ತವರಿಗೆ ಹೋಗಿ, ಅವರು ಒಬ್ಬರೇ ಅಮ್ಮನ ಜೊತೆ ಇರಲಿ, ರಾತ್ರಿಯೂ ಸೇರಿ. ನಾನು ರಜಕ್ಕೆ ಬಂದಾಗ ಅತ್ತಿಗೆ ಊರಿಗೆ ಹೋಗುತ್ತಾರೆ, ಮನೆ ನನ್ನ ಕೈಗೆ. ಹಾಗೆ ಇದ್ದ ಮೇಲೆ ಅತ್ತಿಗೆ ಯಾಕೆ ಫೋನಿನಲ್ಲಿ ಸುಸ್ತಾಗಿ ಮಾತಾಡುತ್ತಾರೆ ಎಂದು ನನಗೆ ವಿವರಿಸಬೇಕಾಗಿಲ್ಲ.

ದೂರದಿಂದ ಮಾಡಬಹುದಾದ ಕೆಲಸ ಬೇಕಾದಷ್ಟಿದೆ. ಆಯಾ ಸಂಬಳ ನನ್ನ ಖಾತೆಯಿಂದ ಹೋಗುತ್ತದೆ. ಮಾತ್ರೆ, ಡೈಪರ್ ತರಿಸುವುದು, ಕರೆಂಟ್ ಬಿಲ್, ಡಾಕ್ಟರ ಅಪಾಯಿಂಟ್‌ಮೆಂಟ್, ರಿಪೋರ್ಟುಗಳನ್ನು ಜೋಡಿಸಿಡುವುದು ನನ್ನದು. ಅತ್ತಿಗೆ ಅಡುಗೆ ಮಾಡುವ ಹೊತ್ತಿಗೆ ಅಮ್ಮನ ಜೊತೆ ವಿಡಿಯೋ ಕಾಲ್‌ನಲ್ಲಿ ಕೂರುತ್ತೇನೆ, ಅದೂ ಒಂದು ಕೈ. ನಮ್ಮಲ್ಲಿ ಒಂದು ಒಪ್ಪಂದ ಇದೆ: ಜೊತೆಗಿರುವವರ ತೀರ್ಮಾನವೇ ಕೊನೆ. ಯಾವ ಡಾಕ್ಟರು, ಎಷ್ಟು ಹೊತ್ತಿಗೆ ಊಟ, ಆಯಾ ಇರಬೇಕೋ ಬೇಡವೋ, ಅತ್ತಿಗೆ ಹೇಳಿದ ಹಾಗೆ. "ಅಮ್ಮ ಎಷ್ಟು ಸಣ್ಣ ಆಗಿದ್ದಾರೆ!" ಎನ್ನುವ ನೆಂಟರಿಗೆ ಉತ್ತರ ಕೊಡುವುದು ಮಾತ್ರ ನನ್ನ ಕೆಲಸ, ಅತ್ತಿಗೆಯದ್ದಲ್ಲ.

ಮಂಗಳೂರಿನಿಂದ

ನೀವು ಇನ್ನೂ ಶುರುವಿನಲ್ಲಿದ್ದೀರಿ, ಆದರೂ ಹೇಳುತ್ತೇನೆ. ನಮ್ಮ ಅಮ್ಮ ಈಗ ಹಾಸಿಗೆಯಲ್ಲಿದ್ದಾರೆ. ನೀರು ಕುಡಿದರೆ ಕೆಮ್ಮು ಬರುತ್ತಿದೆ ಅಂದರೆ ನುಂಗುವುದು ಕಷ್ಟವಾಗುತ್ತಿದೆ ಎಂದರ್ಥ. ನೆಟ್ಟಗೆ ಕೂರಿಸಿ, ಸಣ್ಣ ಚಮಚದಲ್ಲಿ, ಗಂಜಿಯಂತೆ ಮಂದವಾಗಿ ಕೊಡುತ್ತೇವೆ. ಎರಡು ಗಂಟೆಗೊಮ್ಮೆ ಮಗ್ಗುಲು ಬದಲಿಸುತ್ತೇವೆ. ಮೂಗಿನಿಂದ ಟ್ಯೂಬ್ ಹಾಕಬೇಕೇ ಎಂಬ ಪ್ರಶ್ನೆಗೆ ಅಣ್ಣ-ತಮ್ಮಂದಿರು ಆಸ್ಪತ್ರೆಯ ವರಾಂಡದಲ್ಲಿ ಜಗಳವಾಡುವುದನ್ನು ನೋಡಿದ್ದೇನೆ. ಕೊನೆಯ ಹಂತದ ಡಿಮೆನ್ಷಿಯಾದಲ್ಲಿ ಟ್ಯೂಬಿನಿಂದ ಆಯಸ್ಸು ಜಾಸ್ತಿಯಾಗುತ್ತದೆ ಎನ್ನುವುದಕ್ಕೆ ಆಧಾರವಿಲ್ಲ. ನಾವು ತಾಳ್ಮೆಯಿಂದ ಕೈಯಲ್ಲೇ ತಿನ್ನಿಸುವುದು ಎಂದು ಮೊದಲೇ ಕೂತು ಮಾತಾಡಿಕೊಂಡೆವು. ಅಮ್ಮನಿಗೆ ಮಾತು ಅರ್ಥವಾಗುತ್ತಿದ್ದಾಗಲೇ ಅವರನ್ನೂ ಕೇಳಿದ್ದೆವು.

ಮೈಸೂರಿನಿಂದ

ಇಲ್ಲಿ ಎಲ್ಲರೂ ಅತ್ತೆಯ ಬಗ್ಗೆ ಬರೆದಿದ್ದಾರೆ, ನಾನು ನಿಮ್ಮ ಬಗ್ಗೆ ಬರೆಯುತ್ತೇನೆ. ನಿಮಗೆ ರಾತ್ರಿ ನಿದ್ದೆ ಆಗುತ್ತಿದೆಯೇ? ಮಾವನವರನ್ನು ನೋಡಿಕೊಳ್ಳುವಾಗ ನಮ್ಮ ಮನೆಯಲ್ಲಿ ಮೊದಲು ಕುಸಿದವರು ನಮ್ಮ ಅತ್ತೆ. ಅದಾದ ಮೇಲೆ ರಾತ್ರಿ ಪಾಳಿ ಯಜಮಾನರದ್ದಾಯಿತು. ನಿಮ್ಮ ಯಜಮಾನರೂ ಅಂಗಡಿಯನ್ನು ವಾರದಲ್ಲಿ ಒಂದು ಮಧ್ಯಾಹ್ನ ಮುಚ್ಚಲಿ. ಹೆತ್ತ ತಾಯಿ ಅಲ್ವಾ. ಸೊಸೆಯ ಕರ್ತವ್ಯ ಎಂದು ಎಲ್ಲವನ್ನೂ ಒಬ್ಬರ ತಲೆಗೆ ಕಟ್ಟುವುದನ್ನು ನಾನು ಒಪ್ಪುವುದಿಲ್ಲ.

ಮನಸ್ಸು ತಡೆಯದಿದ್ದರೆ 14416ಕ್ಕೆ ಕರೆ ಮಾಡಿ. ಅದು ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ, ಟೆಲಿ ಮಾನಸ್. ಹಗಲು ರಾತ್ರಿ ಇರುತ್ತದೆ, ಕನ್ನಡದಲ್ಲಿ ಮಾತಾಡುತ್ತಾರೆ, ದುಡ್ಡಿಲ್ಲ. ಹಿರಿಯರ ವಿಷಯಕ್ಕೆ ಸಹಾಯವಾಣಿ 14567 ಎಲ್ಡರ್‌ಲೈನ್. ತುಮಕೂರಿನಿಂದ ನಿಮಗೆ ಬೆಂಗಳೂರು ಹತ್ತಿರ. ನಿಮ್ಹಾನ್ಸ್‌ನಲ್ಲಿ ಹಿರಿಯರ ಮರೆವಿನ ಕಾಯಿಲೆಗೆಂದೇ ನೋಡುವವರಿದ್ದಾರೆ. ನೈಟಿಂಗೇಲ್ಸ್ ಮೆಡಿಕಲ್ ಟ್ರಸ್ಟ್‌ನವರು ಕಸ್ತೂರಿನಗರದಲ್ಲಿ ಡಿಮೆನ್ಷಿಯಾದವರಿಗಾಗಿ ಕೇಂದ್ರ ನಡೆಸುತ್ತಾರೆ. ಅಲ್ಝೈಮರ್ ಮತ್ತು ಅಂಥ ಕಾಯಿಲೆಗಳಿಗಾಗಿ 1992ರಲ್ಲಿ ಕೇರಳದಲ್ಲಿ ಶುರುವಾದ ಎಆರ್‌ಡಿಎಸ್ಐ ಸಂಸ್ಥೆಗೆ ಬೆಂಗಳೂರಿನಲ್ಲೂ ಶಾಖೆ ಇದೆ, ನೋಡಿಕೊಳ್ಳುವವರಿಗೆ ಅಲ್ಲಿ ಸಲಹೆ ಸಿಗುತ್ತದೆ. ಡಾಕ್ಟರ ಹತ್ತಿರ ಹೋಗುವಾಗ ನಾದಿನಿಯನ್ನೂ ಒಳಗೆ ಕರೆದುಕೊಂಡು ಹೋಗಿ. ನೀವು ಹೇಳಿದರೆ ದೂರು, ಡಾಕ್ಟರು ಹೇಳಿದರೆ ಕಾಯಿಲೆ. ಬೇಸರವಾಗುತ್ತದೆ, ಆದರೆ ನಡೆಯುವುದು ಹಾಗೇ.

ಬೆಂಗಳೂರಿನಿಂದ, ನಿವೃತ್ತ ಬ್ಯಾಂಕ್ ನೌಕರ

ಕಾಗದ ಪತ್ರದ ಮಾತನ್ನು ಯಾರೂ ಎತ್ತಿಲ್ಲ. ಅತ್ತೆಗೆ ಇನ್ನೂ ವಿಷಯ ಅರ್ಥವಾಗುವಾಗಲೇ ಇದನ್ನು ಮುಗಿಸಬೇಕಮ್ಮ.

ಪವರ್ ಆಫ್ ಅಟಾರ್ನಿ, ಅಂದರೆ ತಮ್ಮ ಪರವಾಗಿ ವ್ಯವಹರಿಸಲು ಇನ್ನೊಬ್ಬರಿಗೆ ಅಧಿಕಾರ ಕೊಡುವ ಪತ್ರ, ಮಾಡಿಸಿದರೆ ಸಾಕು ಎಂದು ಎಷ್ಟೋ ಜನ ನಂಬಿದ್ದಾರೆ. 1872ರ ಕರಾರು ಕಾಯ್ದೆಯ 201ನೇ ಸೆಕ್ಷನ್ ಪ್ರಕಾರ, ಬರೆದುಕೊಟ್ಟವರ ಬುದ್ಧಿ ಸ್ವಾಧೀನ ತಪ್ಪಿದರೆ ಆ ಅಧಿಕಾರ ಅಲ್ಲಿಗೇ ಮುಗಿಯುತ್ತದೆ. ನಿಮಗೆ ಬೇಕಾದ ಹೊತ್ತಿಗೇ ಅದು ಕೆಲಸಕ್ಕೆ ಬರುವುದಿಲ್ಲ. ಉಳಿತಾಯ ಖಾತೆಯನ್ನು ಮಗನ ಜೊತೆ ಜಂಟಿ ಮಾಡಿ, ಇಬ್ಬರಲ್ಲಿ ಯಾರಾದರೂ ನಡೆಸುವಂತೆ ಬರೆಸಿ. ಎಫ್‌ಡಿಗಳಿಗೆ ನಾಮಿನಿ ಹಾಕಿಸಿ. ಉಯಿಲು ಬರೆಯುವುದಿದ್ದರೆ ಅದೇ ದಿನದ ಡಾಕ್ಟರ ಸರ್ಟಿಫಿಕೇಟ್ ಇಟ್ಟುಕೊಂಡು ಸಬ್ ರಿಜಿಸ್ಟ್ರಾರ್ ಕಚೇರಿಯಲ್ಲಿ ನೋಂದಾಯಿಸಿ. ಇವೆಲ್ಲಕ್ಕೂ ಮಗಳು ಎದುರಿಗೇ ಇರಲಿ, ಅವಳಿಗೆ ತಿಳಿಯದೆ ಒಂದು ಸಹಿಯೂ ಬೇಡ. ಬುದ್ಧಿ ಪೂರ್ತಿ ಹೋದ ಮೇಲೆ ಆಸ್ತಿ ವ್ಯವಹಾರಕ್ಕೆ ಗಾರ್ಡಿಯನ್ ಆಗಲು ಹೈಕೋರ್ಟಿನವರೆಗೆ ಹೋಗಬೇಕಾಗಬಹುದು.

ಅತ್ತೆಗೆ ಪಿಂಚಣಿ ಬರುತ್ತಿದ್ದರೆ ನವೆಂಬರಿನ ಜೀವನ ಪ್ರಮಾಣ ಪತ್ರಕ್ಕೆ ಅವರನ್ನು ಬ್ಯಾಂಕಿಗೆ ಎಳೆದುಕೊಂಡು ಹೋಗಬೇಕಿಲ್ಲ, ಮನೆಯಲ್ಲೇ ಫೋನಿನಲ್ಲಿ ಮುಖ ತೋರಿಸಿ ಮುಗಿಸಬಹುದು. ಅವರ ಫೋನಿನಿಂದ ಯುಪಿಐ ತೆಗೆದುಬಿಡಿ. ಓಟಿಪಿ ಕೇಳಿ ಮೋಸ ಮಾಡುವವರಿಗೆ ಮರೆವಿನವರು ಸುಲಭವಾಗಿ ಸಿಗುತ್ತಾರೆ. ಜಿಲ್ಲಾಸ್ಪತ್ರೆಯಲ್ಲಿ ಅಂಗವಿಕಲತೆಯ ಸರ್ಟಿಫಿಕೇಟಿಗೂ ವಿಚಾರಿಸಿ. ಶೇ. 40 ಅಥವಾ ಜಾಸ್ತಿ ಎಂದು ತಜ್ಞರು ಬರೆದುಕೊಟ್ಟರೆ, ಹಳೆ ಪದ್ಧತಿಯಲ್ಲಿ ಆದಾಯ ತೆರಿಗೆ ಕಟ್ಟುವ ನಿಮ್ಮ ಯಜಮಾನರಿಗೆ ತಾಯಿಯ ಚಿಕಿತ್ಸೆಯ ಖರ್ಚಿನ ಮೇಲೆ 1 ಲಕ್ಷದವರೆಗೆ ವಿನಾಯಿತಿ ಇದೆ. ಅದಕ್ಕೆ ಔಷಧಿ ಬಿಲ್ಲುಗಳು ಬೇಕು. ಇವತ್ತಿನಿಂದಲೇ ಒಂದು ಕವರಿನಲ್ಲಿ ಎತ್ತಿಡಿ.