ಎಸ್ಟೀಮ್ ಎಂಜಿನ್ ಕೂರಿಸಿದ ಜಿಪ್ಸಿ: ಎರಡು ಡೈನೋ ಶೀಟ್, ಎರಡು ಅಂಕಿ. ಯಾವುದು ನಿಜ?

ಮಡಿಕೇರಿ_ಜಿಪ್ಸಿ

ಗಾಡಿ 1998ರ ಕಾರ್ಬ್ಯುರೇಟರ್ ಜಿಪ್ಸಿ. ಈಗ ಅದರಲ್ಲಿರೋದು ಎಸ್ಟೀಮ್‌ನ 1298 ಸಿಸಿ, 16 ವಾಲ್ವ್ ಎಂಪಿಎಫ್‌ಐ (ಫ್ಯೂಯಲ್ ಇಂಜೆಕ್ಷನ್) ಎಂಜಿನ್. 4-2-1 ಹೆಡರ್ (ಹೊಗೆ ಹೊರಹೋಗೋ ಪೈಪ್), ಕೋನ್ ಫಿಲ್ಟರ್ (ತೆರೆದ ಏರ್ ಫಿಲ್ಟರ್), 235/75 ಆರ್15 ಮಡ್ ಟಯರ್ ಹಾಕಿದೆ.

ಡೈನೋ ಮೇಲೆ (ಚಕ್ರವನ್ನು ರೋಲರ್ ಮೇಲೆ ಓಡಿಸಿ ಪವರ್ ಅಳೆಯೋ ಯಂತ್ರ) ಎರಡು ಕಡೆ ಅಳೆಸಿದೆ. ಬೆಂಗಳೂರಿನ ಶೀಟ್: ವೀಲ್‌ನಲ್ಲಿ 71.8 ಬಿಎಚ್‌ಪಿ, 5900 ಆರ್‌ಪಿಎಂ, ಎಸ್‌ಎಇ (ತಿದ್ದುಪಡಿಯ ಮಾನದಂಡ), ಸಿಎಫ್ (ಗಾಳಿಯ ಒತ್ತಡ, ಉಷ್ಣಾಂಶಕ್ಕೆ ತಕ್ಕಂತೆ ಅಂಕಿ ತಿದ್ದೋ ಗುಣಕ) 1.14. ಪಕ್ಕದಲ್ಲಿ ಪೆನ್ನಲ್ಲಿ "ಕ್ರ್ಯಾಂಕ್ 88" ಅಂತ, ಅಂದರೆ ಎಂಜಿನ್‌ನಿಂದಲೇ ಹೊರಡೋ ಪವರ್ 88 ಅಂತ ಬರೆದಿದ್ದಾರೆ.
ಮೈಸೂರಿನ ಶೀಟ್: 64.0 ಬಿಎಚ್‌ಪಿ, 6500 ಆರ್‌ಪಿಎಂ, ಎಸ್‌ಎಇ, ಸಿಎಫ್ 1.01, ಒತ್ತಡ 1013 ಎಚ್‌ಪಿಎ, 30 ಡಿಗ್ರಿ.

ಎರಡರ ಮಧ್ಯೆ ಗಾಡಿಗೆ ಏನೂ ಮಾಡಿಸಿಲ್ಲ. ಆದರೆ ಮಡಿಕೇರಿಯ ಏರಿನಲ್ಲಿ 88 ಕುದುರೆ ಇರೋ ಗಾಡಿ ಥರ ಎಳೆಯೋದೇ ಇಲ್ಲ. ಯಾವ ಅಂಕಿ ಹಿಡ್ಕೊಂಡು ಮುಂದಿನ ಕೆಲಸ ಯೋಚಿಸಲಿ?

ಕುಶಾಲನಗರ_413

ಅಣ್ಣಾ, ಮೈಸೂರಿನ ಶೀಟಲ್ಲಿ 1013 ಅಂತ ಇದೆಯಲ್ಲ, ಎಡವಟ್ಟು ಅಲ್ಲೇ ಆಗಿದೆ. ಮೈಸೂರು ಸಮುದ್ರಮಟ್ಟದಿಂದ ಸುಮಾರು 770 ಮೀಟರ್ ಎತ್ತರದಲ್ಲಿದೆ. ಅಲ್ಲಿ ಎಂಜಿನ್ ಎಳ್ಕೊಳ್ಳೋ ಗಾಳಿಯ ಒತ್ತಡ 925 ಎಚ್‌ಪಿಎ ಆಸುಪಾಸು. ಹವಾಮಾನದ ಆ್ಯಪ್ ತೋರಿಸೋದು ಸಮುದ್ರಮಟ್ಟಕ್ಕೆ ಲೆಕ್ಕ ಕಟ್ಟಿದ ಒತ್ತಡ, ಮಡಿಕೇರಿಯಲ್ಲಿ ನಿಂತು ನೋಡಿದರೂ 1013ರ ಹತ್ತಿರವೇ ಇರುತ್ತೆ. ಅದನ್ನೇ ಡೈನೋಗೆ ಟೈಪ್ ಮಾಡಿದ್ದಾರೆ.

ಎಸ್‌ಎಇ ಜೆ1349 ಸೂತ್ರ ಹೀಗಿದೆ:
ಸಿಎಫ್ = 1.18 × (990 ÷ ಒಣ ಗಾಳಿಯ ಒತ್ತಡ) × √((ಡಿಗ್ರಿ + 273) ÷ 298) − 0.18

925ರಲ್ಲಿ ತೇವಾಂಶದ ಪಾಲು 22 ಕಳೆದರೆ 903. ಅದನ್ನು 30 ಡಿಗ್ರಿಗೆ ಹಾಕಿದರೆ ಸಿಎಫ್ 1.125 ಬರುತ್ತೆ. ಈಗ 64.0 ಅನ್ನು 1.01ರಿಂದ ಭಾಗಿಸಿ, 1.125ರಿಂದ ಗುಣಿಸಿ: 71.3. ಬೆಂಗಳೂರಿನ 71.8ಕ್ಕೂ ಇದಕ್ಕೂ ಅರ್ಧ ಬಿಎಚ್‌ಪಿ ಅಂತರ. ಎರಡೂ ಡೈನೋ ಒಂದೇ ಮಾತು ಹೇಳಿವೆ.

ಆದರೂ 71.8 ಅನ್ನು ಕಲ್ಲಲ್ಲಿ ಕೆತ್ತಿಸಬೇಡಿ. ಈ ಸೂತ್ರ ಇರೋದು ಶೇ. 7ರ ಒಳಗಿನ ತಿದ್ದುಪಡಿಗೆ. ಘಟ್ಟದ ಮೇಲಿನ ಊರುಗಳಲ್ಲಿ ಅದು ಶೇ. 12–16ಕ್ಕೆ ಹೋಗುತ್ತೆ, ಹಾಗಾಗಿ 70–73 ಅಂತ ಓದ್ಕೊಳ್ಳಿ. ಇನ್ನೊಂದು, ಶೀಟಲ್ಲಿ "ಎಸ್‌ಟಿಡಿ" (ಇನ್ನೊಂದು ತಿದ್ದುಪಡಿ ಮಾನದಂಡ) ಅಂತ ಇದ್ದರೆ ಅಂಕಿ ಎಸ್‌ಎಇಗಿಂತ ಸುಮಾರು ಶೇ. 4 ಜಾಸ್ತಿ ಬರುತ್ತೆ. ಅವೆರಡನ್ನು ಪಕ್ಕಪಕ್ಕ ಇಡಬೇಡಿ.

ವಿರಾಜಪೇಟೆ_ಗ್ಯಾರೇಜ್

5900, 6500 ಕಥೆ ಟಯರಿನದು. ಕಂಪನಿ ಟಯರ್ 205/70 ಆರ್15ರ ಎತ್ತರ 668 ಮಿ.ಮೀ., ನಿಮ್ಮದು 733. ಮೈಸೂರಲ್ಲಿ ಆರ್‌ಪಿಎಂ ಕ್ಲಿಪ್ (ಎಂಜಿನ್ ಸುತ್ತು ನೇರ ಎಣಿಸೋ ಸೆನ್ಸರ್) ಹಾಕದೆ ಹಳೇ ಟಯರ್ ಅಳತೆ ಕೊಟ್ಟು ರೋಲರ್ ವೇಗದಿಂದ ಆರ್‌ಪಿಎಂ ತೆಗೆದಿದ್ದಾರೆ. 6500 ಅನ್ನು 1.098ರಿಂದ ಭಾಗಿಸಿ, 5920 ಸಿಗುತ್ತೆ. ಪವರ್ ಅಂಕಿಗೆ ಇದರಿಂದ ಏನೂ ಆಗಲ್ಲ, ಟಾರ್ಕ್ ಮಾತ್ರ ಶೇ. 9 ಕಮ್ಮಿ ಕಾಣುತ್ತೆ. ತಾಳೆ ನೋಡೋಕೆ: ಬಿಎಚ್‌ಪಿ × 7121 ÷ ಆರ್‌ಪಿಎಂ = ನ್ಯೂಟನ್ ಮೀಟರ್. 71.8 × 7121 ÷ 5900 ಅಂದರೆ 86.7. ಶೀಟಿನ ಗ್ರಾಫ್‌ನಲ್ಲಿ 5900ರ ನೇರಕ್ಕೆ ಇಷ್ಟು ಕಾಣದಿದ್ದರೆ ಆರ್‌ಪಿಎಂ ಸರಿ ಹಿಡಿದಿಲ್ಲ ಅಂತಲೇ ಅರ್ಥ.

ಪೆನ್ನಲ್ಲಿ ಬರೆದ 88 ಯಾರೂ ಅಳೆದದ್ದಲ್ಲ. 71.8 ÷ 0.82, ಅಂದರೆ ಶೇ. 18 ನಷ್ಟ ಅಂತ ಊಹಿಸಿದ್ದು. ಜಿಪ್ಸಿಯಲ್ಲಿ 2ಎಚ್ (ಹಿಂದಿನ ಎರಡು ಚಕ್ರಕ್ಕೆ ಮಾತ್ರ ಪವರ್) ಹಾಕಿದರೂ ಟ್ರಾನ್ಸ್‌ಫರ್ ಕೇಸ್‌ನಲ್ಲಿ (ಮುಂದಿನ, ಹಿಂದಿನ ಚಕ್ರಕ್ಕೆ ಪವರ್ ಹಂಚೋ ಗೇರ್ ಪೆಟ್ಟಿಗೆ) ಪವರ್ ನೇರ ಹೋಗಲ್ಲ, ಸುಮಾರು 1.4 ಅನುಪಾತದ ಹಲ್ಲುಗಳ ಮೂಲಕವೇ ಪವರ್ ಹೋಗಬೇಕು. ಆಮೇಲೆ ಹೌಸಿಂಗ್ (ಹಿಂದಿನ ಆಕ್ಸಲ್), ಮಡ್ ಟಯರಿನ ಗುಬ್ಬಿ. ನಷ್ಟ 15 ಇರಬಹುದು, 20 ಇರಬಹುದು. ಎಸ್ಟೀಮ್ ಎಂಪಿಎಫ್‌ಐಗೆ ಕಂಪನಿ ಹೇಳಿದ್ದೇ 85. ಅಂದರೆ ನಿಮ್ಮ ಎಂಜಿನ್ ಆರೋಗ್ಯವಾಗಿದೆ, ಆದರೆ ಹೆಡರ್, ಕೋನ್‌ನಿಂದ ಬಂತು ಅನ್ನೋವಷ್ಟು ಲಾಭ ಈ ಶೀಟಲ್ಲಿ ಕಾಣ್ತಿಲ್ಲ.

ಮಡಿಕೇರಿ_ಜಿಪ್ಸಿ

ಹಾಗಾದರೆ ಏರಿನಲ್ಲಿ ಸೊರಗೋದು ಯಾಕೆ?

ಕುಶಾಲನಗರ_413

ಸಿಎಫ್ ಇರೋದು ಗಾಡಿಗಳನ್ನು ಹೋಲಿಸೋಕೆ, ರಸ್ತೆಯಲ್ಲಿ ಎಳೆಯೋದು ಇದ್ದ ಗಾಳಿಯೇ. ಮಡಿಕೇರಿಯಲ್ಲಿ ಒತ್ತಡ 885 ಎಚ್‌ಪಿಎ, 22 ಡಿಗ್ರಿಗೆ ಸಿಎಫ್ 1.16. 71.8 ಅನ್ನು ಅದರಿಂದ ಭಾಗಿಸಿದರೆ ವೀಲಿಗೆ ಸಿಗೋದು 62. ಅದೇ ಗಾಡಿ ಸಂಪಾಜೆ ಘಾಟಿ ಇಳಿದು ಸುಳ್ಯ ಮುಟ್ಟಿದಾಗ ಬೇರೆ ಗಾಡಿಯ ಥರ ಓಡೋದಕ್ಕೆ ಇದೇ ಕಾರಣ.

ಅದರ ಮೇಲೆ ದೊಡ್ಡ ಟಯರ್, ಪ್ರತಿ ಗೇರಲ್ಲೂ ಎಳೆತ ಇನ್ನೊಂದು ಶೇ. 9 ಕಮ್ಮಿ. 215/75 ಆರ್15ಕ್ಕೆ ಇಳಿದರೆ ಕಳೆದದ್ದರಲ್ಲಿ ಅರ್ಧ ವಾಪಸ್ ಬರುತ್ತೆ. ಏರು ರಸ್ತೆಗೆ ಇದಕ್ಕಿಂತ ಅಗ್ಗದ ಕೆಲಸ ಇಲ್ಲ.

ವಿರಾಜಪೇಟೆ_ಗ್ಯಾರೇಜ್

ಕೋನ್ ಫಿಲ್ಟರ್ ಎಲ್ಲಿ ಕೂತಿದೆ ನೋಡಿ. ಹೆಡರ್ ಪಕ್ಕ ಇದ್ದರೆ ನಿಧಾನ ಏರುವಾಗ ಅದು ಕುಡಿಯೋದು ಬಿಸಿ ಗಾಳಿ. 30 ಡಿಗ್ರಿ ಇರಬೇಕಾದ ಗಾಳಿ 60 ಆದರೆ ಶೇ. 4–5 ಪವರ್ ಹೋಯ್ತು. ಡೈನೋದಲ್ಲಿ ಬಾನೆಟ್ ತೆಗೆದು ಮುಂದೆ ಫ್ಯಾನ್ ಇಟ್ಟಿರ್ತಾರೆ, ಹಾಗಾಗಿ ಶೀಟಲ್ಲಿ ಗೊತ್ತಾಗಲ್ಲ. ಮಧ್ಯೆ ತಗಡಿನ ಅಡ್ಡಗೋಡೆ ಹಾಕಿ, ಹೆಡ್‌ಲೈಟ್ ಹಿಂದಿನಿಂದ 3 ಇಂಚಿನ ಹೋಸ್ ತನ್ನಿ. ಬಾಯಿ ತೀರಾ ಕೆಳಗೆ ಇಡಬೇಡಿ, ನಮ್ಮ ಮಳೆಗೆ ರಸ್ತೆಯ ನೀರು ನುಗ್ಗುತ್ತೆ.

ಮತ್ತೆ ಡೈನೋಗೆ ಹೋದರೆ, 20 ನಿಮಿಷ ಓಡಿಸಿದ ಮೇಲೆಯೇ ರೋಲರ್ ಹತ್ತಿಸಿ. ತಣ್ಣಗಿನ ಗೇರ್ ಆಯಿಲ್ ಪವರ್ ತಿನ್ನುತ್ತೆ. 2ಎಚ್, ಮುಂದಿನ ಹಬ್ ಫ್ರೀ, ನಾಲ್ಕನೇ ಗೇರ್. ಟಯರ್ ಗಾಳಿ ಪ್ರತಿ ಸಲ ಒಂದೇ ಇರಲಿ. ಗಾಡಿ ಕಟ್ಟೋ ಬೆಲ್ಟ್ ಅತಿಯಾಗಿ ಬಿಗಿದರೆ ಟಯರ್ ರೋಲರ್‌ಗೆ ಒತ್ತಿ ಅಂಕಿ ಇಳಿಯುತ್ತೆ, ಸಡಿಲ ಬಿಟ್ಟರೆ ಮಡ್ ಟಯರ್ ಜಾರುತ್ತೆ. ಮೂರು ಪುಲ್ (ಫುಲ್ ಥ್ರಾಟಲ್ ಕೊಟ್ಟು ಅಳೆಯೋ ಓಟ) ಶೇ. 2ರ ಒಳಗೆ ಒಂದೇ ಥರ ಬರಬೇಕು. ತಿದ್ದದ ಅಂಕಿ, ಒತ್ತಡ, ಉಷ್ಣಾಂಶ ಮೂರನ್ನೂ ಪ್ರಿಂಟ್ ತಗೊಳ್ಳಿ. ಎಎಫ್‌ಆರ್ (ಗಾಳಿ-ಇಂಧನ ಅನುಪಾತ) ಗೆರೆ ತಪ್ಪದೆ ಕೇಳಿ: ಫುಲ್ ಥ್ರಾಟಲ್‌ನಲ್ಲಿ 12.5–13 ಇರಬೇಕು. 14 ದಾಟಿದರೆ ಇನ್ನೊಂದು ಪುಲ್ ಕೊಡಬೇಡಿ, ಮೊದಲು ಫ್ಯೂಯಲ್ ಪ್ರೆಶರ್ ನೋಡಿಸಿ.

ಕೆಎ12_ಘಾಟಿ

ಎಂಜಿನ್ ಬದಲಾಯಿಸಿದ್ದು ಆರ್‌ಸಿಯಲ್ಲಿ ಏರಿದೆಯಾ? ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಪ್ರಕಾರ ಅದು ನಮೂದಾಗಬೇಕು. ಇಲ್ಲದಿದ್ದರೆ ಎಫ್‌ಸಿ ಸಮಯದಲ್ಲಿ ಎಂಜಿನ್ ನಂಬರ್ ತಾಳೆ ಆಗಲ್ಲ. ಎಸ್ಟೀಮ್ ಎಂಜಿನ್ ಖರೀದಿಯ ಬಿಲ್ ಜೋಪಾನವಾಗಿಡಿ.